ಚಪ್ಪಲಿ ಕಚ್ಚಿದೆ, ಅಷ್ಟೆ

ಮೂವತ್ತೊಂದು ವರ್ಷದಿಂದ ಮೇಷ್ಟ್ರ ಕೆಲಸದಲ್ಲಿದ್ದೇನೆ. ಮಕ್ಕಳ ಕಿವಿ ಹಿಂಡಿದ್ದೇನೆ, ಅವರ ಅಪ್ಪಂದಿರಿಗೆ ಬುದ್ಧಿ ಹೇಳಿದ್ದೇನೆ, ಪಂಚಾಯಿತಿಯವರ ಜೊತೆ ಜಗಳವಾಡಿ ಶಾಲೆಗೆ ಶೌಚಾಲಯ ಕಟ್ಟಿಸಿದ್ದೇನೆ. ಯಾರಿಂದಲೂ ದಂಡ ಹಾಕಿಸಿಕೊಂಡವನಲ್ಲ. ಹುಣಸೂರಿನಲ್ಲಿ ಒಂದು ಬೆಳಿಗ್ಗೆ ಆ ಹೆಗ್ಗಳಿಕೆಯೂ ಹೋಯಿತು. ಅಂಗವಿಕಲರಿಗೆಂದು ಬಿಟ್ಟ ಜಾಗದಲ್ಲಿ ವ್ಯಾನು ನಿಲ್ಲಿಸಿ ಮಗಳ ಸಾಮಾನು ಇಳಿಸುತ್ತಿದ್ದೆ, ಪೊಲೀಸಿನವರು ದಂಡ ಬರೆದರು, ಕಟ್ಟಿದೆ. ದಂಡದ ಬಗ್ಗೆ ನನಗೆ ಸಿಟ್ಟಿಲ್ಲ. ಸಿಟ್ಟಿದ್ದಿದ್ದರೆ ಒಳ್ಳೆಯದಿತ್ತು. ಸಿಟ್ಟು ನನಗೆ ರೂಢಿಯಾದದ್ದು, ಎರಡು ದಿನ ಮನೆಯಲ್ಲಿ ಕೂಗಾಡಿ ಮರೆತುಬಿಡುತ್ತಿದ್ದೆ.

ನಮ್ಮದು ಹಂಪಾಪುರದ ಹತ್ತಿರದ ಊರು. ನಮಗೆ ಒಬ್ಬಳೇ ಮಗಳು. ಅವಳಿಗೆ ಮೂರು ವರ್ಷವಾಗಿದ್ದಾಗ ಜ್ವರ ಬಂತು. ಸೈಕಲ್ಲಿನಲ್ಲಿ ಊರೂರು ತಿರುಗುತ್ತಿದ್ದ ಒಬ್ಬ ಕಾಂಪೌಂಡರ್ ಸೊಂಟಕ್ಕೆ ಸೂಜಿ ಚುಚ್ಚಿದ. ಜ್ವರ ಬಿಟ್ಟಿತು, ಆದರೆ ಮಗು ಎದ್ದು ನಿಂತಾಗ ಎಡಗಾಲು ನೆಲಕ್ಕೆ ಊರಲಿಲ್ಲ. ಮೈಸೂರಿಗೆ ಎತ್ತಿಕೊಂಡು ಓಡಿದೆವು. ಸೂಜಿ ನರಕ್ಕೆ ತಗುಲಿದೆ, ಕಾಲು ಇನ್ನು ಹೀಗೇ ಎಂದರು. ಅವಳು ಬೆಳೆದಳು, ಆ ಕಾಲು ಮಾತ್ರ ಜೊತೆಗೆ ಬೆಳೆಯಲಿಲ್ಲ. ಮೀನಖಂಡ ಒಣಗಿತು, ಪಾದ ಜೋತುಬಿತ್ತು.

ಅದೇ ಆಸ್ಪತ್ರೆಯಲ್ಲಿ ಅಂಗವಿಕಲತೆಯ ಸರ್ಟಿಫಿಕೇಟು ಮಾಡಿಸಿಕೊಳ್ಳಿ, ಮುಂದೆ ಓದಿಗೆ, ಕೆಲಸಕ್ಕೆ ಆಗುತ್ತದೆ ಎಂದು ಒಬ್ಬ ನರ್ಸಮ್ಮ ಹೇಳಿದರು. ನಾನು ಅರ್ಜಿ ತಂದೂ ಇದ್ದೆ. ಪಿರಿಯಾಪಟ್ಟಣದಿಂದ ಮಗುವನ್ನು ನೋಡಲು ಬಂದಿದ್ದ ನಮ್ಮ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಆ ಹಾಳೆಯನ್ನು ನೋಡಿ ನನ್ನ ಕೈಯಿಂದ ಕಿತ್ತುಕೊಂಡರು.

"ಎಣ್ಣು ಮಗ ಕಣಪ್ಪ," ಎಂದರು. "ಕಾಲು ಇವತ್ತಲ್ಲ ನಾಳೆ ಸರೋಯ್ತದೆ. ಕಾಗ್ದದಲ್ಲಿ ಬರ್ದುದ್ದು ಓಯ್ತದಾ?"

ನಾನು ಓದಿದವನು, ಬಿ.ಎಡ್. ಮಾಡಿದವನು. ಅತ್ತೆ ಹೆಬ್ಬೆಟ್ಟು. ಆದರೂ ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಉತ್ತರವಿತ್ತು, ಹೇಳಲು ಮನಸ್ಸಿರಲಿಲ್ಲ. ಅತ್ತೆ ಹೇಳಿದ್ದು ನನಗೂ ಹಿತವಾಗಿತ್ತು. ನಮ್ಮ ಜನದಲ್ಲಿ ಹೆಣ್ಣು ಕೊಡುವ ತರುವ ಮಾತು ಹಂಪಾಪುರದಲ್ಲಿ ಶುರುವಾದರೆ ಕೆ.ಆರ್. ನಗರಕ್ಕೆ ಬಸ್ಸಿಗಿಂತ ಮುಂಚೆ ಹೋಗಿ ತಲುಪುತ್ತದೆ. ಕಾಗದದ ಮೇಲೆ ಬರೆಸಿಕೊಂಡು ಸಾರುವುದು ಯಾಕೆ? ಅರ್ಜಿ ಒಲೆಗೆ ಹೋಯಿತು.

ಅಲ್ಲಿಂದ ನಾವು ಮುಚ್ಚಿಡುವುದನ್ನು ಒಂದು ಕಸುಬಿನ ಹಾಗೆ ಕಲಿತೆವು. ಲಂಗ ಪಾದ ಮುಚ್ಚುವಷ್ಟು ಉದ್ದ ಹೊಲಿಸಿದೆವು. ಎಡಗಾಲಿನ ಚಪ್ಪಲಿಗೆ ಅಟ್ಟೆಯ ಮೇಲೆ ಅಟ್ಟೆ ಕೂಡಿಸಿ, ನೋಡಿದವರಿಗೆ ಎರಡೂ ಒಂದೇ ಎನ್ನಿಸುವಂತೆ ಹುಣಸೂರಿನ ಮೋಚಿಯೊಬ್ಬರಿಂದ ಮಾಡಿಸಿದೆವು. ಮದುವೆಮನೆಗಳಿಗೆ ಎಲ್ಲರಿಗಿಂತ ಮೊದಲು ಹೋಗಿ ಕೂರುತ್ತಿದ್ದೆವು, ಜನವೆಲ್ಲ ಊಟಕ್ಕೆ ಎದ್ದ ಮೇಲೆ ಕೊನೆಯ ಪಂಕ್ತಿಗೆ ಏಳುತ್ತಿದ್ದೆವು. ಹೀಗಾಗಿ ನನ್ನ ಮಗಳು ಬುದ್ಧಿ ಬಂದಾಗಿನಿಂದ ಯಾವ ಮದುವೆಯಲ್ಲೂ ಬಿಸಿ ಅನ್ನ ತಿಂದವಳಲ್ಲ.

ಹದಿನೆಂಟು ತುಂಬಿದ ಮೇಲೆ ನಡಿಗೆಯ ಅಭ್ಯಾಸ ಶುರುವಾಯಿತು. ಹೆಣ್ಣು ನೋಡಲು ಬಂದವರಿಗೆ ಹುಡುಗಿಯೇ ಕಾಫಿ ತಂದು ಕೊಡಬೇಕು ನಮ್ಮಲ್ಲಿ. ಕಾಫಿ ಕುಡಿದಾದ ಮೇಲೂ ಬಂದವರಲ್ಲಿ ಒಬ್ಬ ಮುದುಕಿ ಇದ್ದೇ ಇರುತ್ತಾಳೆ, ಬಾಯಾರಿಕೆ ಎನ್ನುತ್ತಾಳೆ, ಇನ್ನೊಂದು ಲೋಟ ನೀರು ತರಿಸುತ್ತಾಳೆ. ಅವಳಿಗೆ ಬೇಕಾದ್ದು ನೀರಲ್ಲ, ಹುಡುಗಿಯ ನಡಿಗೆ. ಅಡುಗೆಮನೆಯ ಹೊಸಿಲಿನಿಂದ ಹಜಾರದ ಕುರ್ಚಿಗೆ ಹದಿನಾಲ್ಕು ಹೆಜ್ಜೆ. ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು, ತಟ್ಟೆಯ ತುಂಬ ನೀರಿನ ಲೋಟಗಳನ್ನಿಟ್ಟು ಅವಳನ್ನು ನಡೆಸುತ್ತಿದ್ದೆವು. ನಾನು ಕುರ್ಚಿಯಲ್ಲಿ ಗಂಡಿನ ಕಡೆಯವನಂತೆ ಕೂತು ನೋಡುತ್ತಿದ್ದೆ. ಹೆಜ್ಜೆ ಸಣ್ಣದಾಗಿ, ನಿಧಾನವಾಗಿ, ತಲೆ ತಗ್ಗಿಸಿ ಇಟ್ಟರೆ ಕುಂಟು ಕಾಣುವುದಿಲ್ಲ ಎಂದು ಕಂಡುಹಿಡಿದವನು ನಾನೇ. ಆಮೇಲೆ ಅವಳು ಎಲ್ಲ ಕಡೆಯೂ ಹಾಗೇ ನಡೆಯತೊಡಗಿದಳು. ಊರಿನ ಹೆಂಗಸರು ನನ್ನ ಹೆಂಡತಿಗೆ ಹೇಳುತ್ತಿದ್ದರು, ನಿಮ್ಮ ಹುಡುಗಿಯ ನಡಿಗೆಯಲ್ಲೇ ಸಂಸ್ಕಾರ ಇದೆ ಎಂದು. ನನ್ನ ಹೆಂಡತಿ ಅದನ್ನು ನನಗೆ ಬಂದು ಹೇಳುತ್ತಿದ್ದಳು, ನಾವಿಬ್ಬರೂ ಸಂತೋಷಪಡುತ್ತಿದ್ದೆವು.

ಇದು ಮನೆಯ ಕಥೆಯಾಯಿತು. ಶಾಲೆಯಲ್ಲಿ ನಾನು ಬೇರೆ ಮನುಷ್ಯ.

ನನ್ನ ಶಾಲೆ ಕಾಕನಕೋಟೆಯ ಕಡೆ, ಕಾಡಂಚಿನಲ್ಲಿ. ಮಕ್ಕಳೆಲ್ಲ ಬುಡಕಟ್ಟು ಜನರ ಹಾಡಿಗಳಿಂದ ಬರುವವರು. ಅವರಲ್ಲಿ ಕೈಕಾಲು ಸರಿಯಿಲ್ಲದವರು, ಕಿವಿ ಕೇಳದವರು, ಕಣ್ಣು ಮಂದವಾದವರು ಯಾರಿದ್ದರೂ ನಾನು ಬಿಡುತ್ತಿರಲಿಲ್ಲ. ತಾಲ್ಲೂಕು ಕೇಂದ್ರವಾದ ಕೋಟೆಯ ಆಸ್ಪತ್ರೆಯಲ್ಲಿ ತಪಾಸಣೆ ಇದೆ ಎಂದರೆ ಜೀಪು ಮಾಡಿಕೊಂಡು ಕರೆದೊಯ್ಯುತ್ತಿದ್ದೆ. ಸರ್ಟಿಫಿಕೇಟು ಕೈಗೆ ಬರುವ ತನಕ ಬೆನ್ನು ಬಿಡದವನು ಎಂದು ತಾಲ್ಲೂಕಿನಲ್ಲಿ ಹೆಸರಿತ್ತು. ಒಂದು ಸಲ ಶಾಲು ಹೊದಿಸಿ ಸನ್ಮಾನವನ್ನೂ ಮಾಡಿದರು. ಆ ಮಕ್ಕಳ ಅರ್ಜಿಗಳನ್ನು ತುಂಬುತ್ತಿದ್ದವಳು ನನ್ನ ಮಗಳು. ಅಕ್ಷರ ಮುತ್ತಿನಂತಿತ್ತು. ಆಮೇಲೆ ಎಲ್ಲ ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಎಂದಾಯಿತು, ಅದನ್ನೂ ಅವಳೇ ಕಲಿತಳು. ಅಂಗವಿಕಲತೆಯ ಸ್ವರೂಪ ಎಂಬ ಕಾಲಮ್ಮು ಬಂದಾಗ ತಲೆ ಎತ್ತದೆ ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ, ಅವಳು ಬರೆಯುತ್ತಿದ್ದಳು. ಅವಳ ಕಾಲು ಮೇಜಿನ ಕೆಳಗೇ ಇರುತ್ತಿತ್ತು. ನಮ್ಮಿಬ್ಬರಲ್ಲಿ ಯಾರೂ ಆ ಮಾತು ತೆಗೆಯಲಿಲ್ಲ.

ಅವಳ ಡಿಗ್ರಿ ರಜೆಯಲ್ಲಿ ಒಂದು ದಿನ ಶಾಲೆಗೇ ಬಂದು ಜಗಲಿಯಲ್ಲಿ ಕೂತು ಅರ್ಜಿ ತುಂಬುತ್ತಿದ್ದಳು. ಕೂಲಿಗೆ ಹೋಗುವ ಒಬ್ಬ ಅಪ್ಪ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ಆ ಮಗುವಿಗೂ ಕಾಲಿನದೇ ತೊಂದರೆ. ಬಂದವನು ಸಹಿ ಹಾಕಲು ಹಿಂದೆಮುಂದೆ ನೋಡಿದ. "ಕಾರ್ಡು ಮಾಡ್ಸುದ್ರೆ ಮಗೀನ ಎಲ್ರೂ ಕುಂಟಿ ಅನ್ನಲ್ವಾ ಸಾರ್?" ಎಂದ.

ನಾನು ಎದ್ದು ನಿಂತು, ಹತ್ತು ಜನಕ್ಕೆ ಕೇಳಲಿ ಎಂದೇ ದನಿ ಎತ್ತರಿಸಿ ಹೇಳಿದೆ. "ನಾಚಿಕೆ ಆಗಬೇಕಾದ್ದು ಮಗುವಿಗಲ್ಲ ಕಣಯ್ಯ, ಮುಚ್ಚಿಡೋ ಅಪ್ಪನಿಗೆ." ಅವನು ತಲೆ ಬಗ್ಗಿಸಿ ಹೆಬ್ಬೆಟ್ಟು ಒತ್ತಿದ. ಪಕ್ಕದಲ್ಲಿ ಕೂತಿದ್ದ ಮಗಳು ಮುಂದಿನ ಅರ್ಜಿ ತೆಗೆದುಕೊಂಡಳು. ಆ ಮಾತು ಹೇಳುವಾಗ ನನ್ನ ನಾಲಿಗೆ ತೊದಲಲಿಲ್ಲ. ಮನೆಯ ನಾನು ಶಾಲೆಯ ನಾನು ಒಬ್ಬನೇ ಎಂದು ನನಗೆ ಅನ್ನಿಸುತ್ತಲೇ ಇರಲಿಲ್ಲ. ಪುರಾಣ ಹೇಳಿ ಬದನೆಕಾಯಿ ತಿನ್ನುವವನಿಗೆ ಗಂಟಲಲ್ಲಿ ಏನೂ ಸಿಕ್ಕಿಕೊಳ್ಳುವುದಿಲ್ಲ.

ಡಿಗ್ರಿ ಮುಗಿದ ಮೇಲೆ ಅವಳಿಗೆ ಹುಣಸೂರಿನಲ್ಲಿ ಬಿ.ಎಡ್. ಸೀಟು ಸಿಕ್ಕಿತು. ಹಾಸ್ಟೆಲಿಗೆ ಬಿಡಲು ಹೊರಟೆವು. ಪರಿಚಯದವರ ವ್ಯಾನು ಕೇಳಿ ತಂದು ನಾನೇ ಓಡಿಸಿದೆ. ಟ್ರಂಕು, ಹಾಸಿಗೆಯ ಸುರುಳಿ, ಬಕೆಟ್ಟು, ಎರಡು ಚೀಲ ಪುಸ್ತಕ, ಅವಳಮ್ಮ ಕಟ್ಟಿಕೊಟ್ಟ ಹುರಿಹಿಟ್ಟಿನ ಡಬ್ಬ. ಅವಳಮ್ಮನಿಗೆ ಗಾಡಿಯಲ್ಲಿ ಕೂರಲು ಜಾಗವಿರಲಿಲ್ಲ. ಕೋಟೆ ದಾಟಿ ಹುಣಸೂರಿನ ರಸ್ತೆ ಹಿಡಿದ ಮೇಲೆ ಮಗಳು, ಕಿಟಕಿಯ ಹೊರಗೆ ನೋಡುತ್ತಲೇ ಒಂದು ಮಾತು ಕೇಳಿದಳು.

"ಅಪ್ಪ, ಕೆಳಗಿನ ರೂಮು ಕೇಳ್ತೀರಾ? ಮೇಲಾದ್ರೆ ಎರಡು ಮಹಡಿ ಹತ್ತಬೇಕಂತೆ."

ತನ್ನ ಕಾಲಿನ ವಿಷಯವಾಗಿ ಅವಳು ಬಾಯಿ ಬಿಟ್ಟು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಆಗಲೂ ಕಾಲು ಎನ್ನುವ ಪದ ಆಡಲಿಲ್ಲ. ಕೇಳ್ತೀನಿ ಬಿಡು ಎಂದೆ. ಏನು ಹೇಳಿ ಕೇಳುವುದು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಎತ್ತರಕ್ಕೆ ಹೋದರೆ ಅವಳಿಗೆ ತಲೆಸುತ್ತು ಬರುತ್ತದೆ ಎಂದರಾಯಿತು ಎಂದು ಗಾವಡಗೆರೆಯ ಕಡೆಯ ಕೈಮರ ಕಾಣುವ ಹೊತ್ತಿಗೆ ತೀರ್ಮಾನವಾಯಿತು. ಎರಡು ಪದದ ನಿಜ ಹೇಳುವುದಕ್ಕಿಂತ ನನಗೆ ಹೊಸ ಸುಳ್ಳು ಕಟ್ಟುವುದು ಸಲೀಸಾಗಿತ್ತು.

ಹಾಸ್ಟೆಲಿನ ಬಾಗಿಲು ರಸ್ತೆಗೇ ತೆರೆದುಕೊಂಡಿತ್ತು. ರಸ್ತೆಯುದ್ದಕ್ಕೂ ಕಾರು, ಟೆಂಪೊ, ಬೈಕುಗಳು. ಅಪ್ಪ ಅಮ್ಮಂದಿರು ಬಾಗಿಲ ಮುಂದೆ ಗುಂಪುಗುಂಪಾಗಿ ನಿಂತಿದ್ದರು. ದೂರದಲ್ಲಿ ನಿಲ್ಲಿಸಿದರೆ ಮಗಳು ಅಷ್ಟೂ ಜನರ ಕಣ್ಣೆದುರು ನಡೆದುಕೊಂಡು ಬರಬೇಕು. ಬಾಗಿಲಿಗೆ ತಾಗಿದಂತೆ ಒಂದು ಜಾಗ ಮಾತ್ರ ಖಾಲಿ ಇತ್ತು. ನೆಲದ ಮೇಲೆ ನೀಲಿ ಚೌಕ, ಚೌಕದೊಳಗೆ ಗಾಲಿಕುರ್ಚಿಯ ಬಿಳಿ ಚಿತ್ರ, ಪಕ್ಕದಲ್ಲಿ ಬೋರ್ಡು. ನನಗೆ ಕಾಣಲಿಲ್ಲ ಎಂದು ಹೇಳುವುದಿಲ್ಲ. ಕಂಡೇ ಗಾಡಿ ನುಗ್ಗಿಸಿದೆ. ಹಿಂಬಾಗಿಲು ತೆಗೆದು ಹಾಸಿಗೆಯ ಸುರುಳಿಯನ್ನು ಆ ಚಿತ್ರದ ಮೇಲೇ ಇಳಿಸಿದೆ.

ಟ್ರಂಕು ಇಳಿಸುವ ಹೊತ್ತಿಗೆ ಒಬ್ಬ ಪೊಲೀಸಿನವರು ಬಂದರು. ಐವತ್ತರ ಆಸುಪಾಸು, ಕೈಯಲ್ಲಿ ದಂಡದ ಯಂತ್ರ. ಗಾಡಿ ನಿಮ್ಮದಾ ಎಂದು ಕೇಳಿದರು. ಸಾಮಾನು ಇಳಿಸಿ ಐದು ನಿಮಿಷದಲ್ಲಿ ತೆಗೆಯುತ್ತೇನೆ ಎಂದೆ. ಎಲ್ಲರೂ ಐದೇ ನಿಮಿಷ ಎನ್ನುತ್ತಾರೆ, ಇಲ್ಲಿ ಮೂರು ಗಾಲಿ ಸ್ಕೂಟರಿನಲ್ಲಿ ಬರುವ ಒಬ್ಬ ಮೇಡಂ ಇದ್ದಾರೆ, ಅವರಿಗೆ ವಾರದಲ್ಲಿ ನಾಲ್ಕು ದಿನ ಜಾಗ ಸಿಗುವುದಿಲ್ಲ ಎಂದರು. ನಾನು ಹೆಡ್‌ಮೇಷ್ಟ್ರು ಎಂದೂ ಹೇಳಿದೆ. ಅದಕ್ಕೆ ಅವರು ನಮಸ್ಕಾರ ಮಾಡಿದರು, ಯಂತ್ರ ಒತ್ತುವುದನ್ನು ನಿಲ್ಲಿಸಲಿಲ್ಲ. ಮೊಬೈಲಿನಲ್ಲಿ ಗಾಡಿಯ ಫೋಟೊ ತೆಗೆಯಲು ಹಿಂದೆ ಸರಿದರು.

ಆಗ ಮಗಳು ಆ ಬದಿಯಿಂದ ಇಳಿದು, ಬಕೆಟ್ಟು ಹಿಡಿದುಕೊಂಡು ಗಾಡಿಯನ್ನು ಬಳಸಿ ಬಂದಳು. ಒಂದೂವರೆ ಗಂಟೆ ಕೂತು ಕಾಲು ಜೋಮು ಹಿಡಿದಿತ್ತೋ ಏನೋ, ನಾವು ಕಲಿಸಿದ ನಡಿಗೆ ಅವಳಿಗೆ ಕೈಕೊಟ್ಟಿತ್ತು. ಪಾದ ಎಳೆಯುತ್ತಿತ್ತು. ಪೊಲೀಸಿನವರು ಮೊಬೈಲು ಇಳಿಸಿ ನೋಡಿದರು. ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ಮಗಳಾ ಸಾರ್? ಕಾಲ್ಗೇನಾರ ತೊಂದ್ರೆ ಐತಾ? ಐತೆ ಅನ್ನಿ ಸಾಕು, ನಾನು ಬರ್ಯಕೆ ಹೋಗಲ್ಲ."

ಅಷ್ಟು ಮರ್ಯಾದೆಯಿಂದ, ಅಷ್ಟು ಸಣ್ಣ ದನಿಯಲ್ಲಿ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನಾಲ್ಕು ಮಾರು ದೂರದಲ್ಲಿ, ರೂಮುಗಳ ಪಟ್ಟಿ ಹಿಡಿದು ವಾರ್ಡನ್ ನಿಂತಿದ್ದರು. ಅವರು ನಮ್ಮವರೇ. ಮುಂದಿನ ತಿಂಗಳು ಮಗಳನ್ನು ನೋಡಲು ಬರುತ್ತೇವೆ ಎಂದಿದ್ದ ಕೆ.ಆರ್. ನಗರದ ಮನೆಗೆ ದೂರದ ನೆಂಟರು ಎಂಬುದೂ ನನಗೆ ಗೊತ್ತಿತ್ತು. ಅವರು ಇತ್ತಲೇ ನೋಡುತ್ತಿದ್ದರು. ಮಗಳೂ ನೋಡುತ್ತಿದ್ದಳು.

"ಏನಿಲ್ಲ," ಎಂದೆ. ಜಗಲಿಯಲ್ಲಿ ಎತ್ತರಿಸಿದ್ದೆನಲ್ಲ, ಅದೇ ದನಿ. "ಹಾಗೇನೂ ಇಲ್ಲ. ಚಪ್ಪಲಿ ಕಚ್ಚಿದೆ, ಅಷ್ಟೆ."

ಪೊಲೀಸಿನವರು ಒಮ್ಮೆ ಅವಳ ಮುಖ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಸರಿ ಸಾರ್ ಎಂದು ಫೋಟೊ ತೆಗೆದು ಯಂತ್ರ ಒತ್ತಿದರು. ಚೀಟಿ ಸುರುಳಿ ಬಿಚ್ಚಿಕೊಂಡು ಹೊರಬಂತು. ಅಂಗವಿಕಲರಲ್ಲದವರು ಅಂಗವಿಕಲರ ಜಾಗದಲ್ಲಿ ಗಾಡಿ ನಿಲ್ಲಿಸಿದ ತಪ್ಪಿಗೆ ಅಲ್ಲೇ ದಂಡ ಕಟ್ಟಿದೆ. ಗೆದ್ದವನ ಹಾಗೆ ಕಟ್ಟಿದೆ. ವಾರ್ಡನ್ನಿಗೆ ಕೇಳಿಸಿದೆ ಎಂಬ ಸಮಾಧಾನವಿತ್ತು.

ಗಾಡಿ ತೆಗೆದು ದೂರದಲ್ಲಿ ನಿಲ್ಲಿಸಿ ಬಂದು, ವಾರ್ಡನ್ನಿನ ಮುಂದೆ ನಿಂತು ತಲೆಸುತ್ತಿನ ಕಥೆ ಹೇಳಿದೆ. ಅವರು ಪಟ್ಟಿಯಿಂದ ಕಣ್ಣು ತೆಗೆಯದೆ ಹೇಳಿದರು. "ಕೆಳಗಿನ ಎರಡು ರೂಮು ಅಂಗವಿಕಲ ಹುಡುಗೀರಿಗೆ ಇಟ್ಟಿರೋದು ಸಾರ್. ನಿಮ್ಮ ಮಗಳಿಗೆ ಹಾಗೇನೂ ಇಲ್ಲವಲ್ಲ, ಈಗ ತಾನೆ ನೀವೇ ಹೇಳಿದ್ರಿ." ಎರಡನೇ ಮಹಡಿಯ ಒಂದು ನಂಬರು ಕೂಗಿದರು.

ಮಗಳು ಅಲ್ಲೇ ಇದ್ದಳು. ನಾನು ಅವಳತ್ತ ತಿರುಗುವಷ್ಟರಲ್ಲಿ ಅವಳು ಹಾಸಿಗೆಯ ಸುರುಳಿಯನ್ನು ಕಂಕುಳಿಗೆ ಇಟ್ಟುಕೊಂಡಿದ್ದಳು. ಗಂಡಸರು ಮೆಟ್ಟಿಲು ಹತ್ತುವಂತಿಲ್ಲ ಎಂದು ಗೋಡೆಗೆ ಬರೆದು ಹಾಕಿದ್ದರು. ಟ್ರಂಕನ್ನು ಕೆಲಸದ ಹೆಂಗಸೊಬ್ಬರು ಹೊತ್ತರು. ಉಳಿದದ್ದನ್ನು ಮಗಳು ಮೂರು ಸಲ ಇಳಿದು ಹತ್ತಿ ಒಯ್ದಳು. ನಾನು ಕೆಳಗೆ ನಿಂತು ಕೇಳಿಸಿಕೊಂಡೆ. ಒಂದು ಹೆಜ್ಜೆ ಹಗುರ, ಒಂದು ಹೆಜ್ಜೆ ಭಾರ, ಪ್ರತಿ ಮಹಡಿಯ ತಿರುವಿನಲ್ಲಿ ಒಂದಷ್ಟು ಹೊತ್ತು ಏನೂ ಕೇಳುತ್ತಿರಲಿಲ್ಲ. ಸಣ್ಣ ಹೆಜ್ಜೆ, ತಗ್ಗಿಸಿದ ತಲೆ ಇವೆಲ್ಲ ಮೆಟ್ಟಿಲ ಮೇಲೆ ನಡೆಯುವುದಿಲ್ಲ. ಕೊನೆಯ ಸಲ ಹುರಿಹಿಟ್ಟಿನ ಡಬ್ಬ ತೆಗೆದುಕೊಳ್ಳಲು ಬಂದಾಗ, ಜಾಗ್ರತೆ ಎಂದೆ. ನೀವು ಹೊರಡಿ, ವ್ಯಾನು ವಾಪಸು ಕೊಡಬೇಕಲ್ಲ ಎಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಬೆವರಿತ್ತು.

ದಂಡ ಕಟ್ಟುವಾಗ ನನ್ನ ನಂಬರು ಕೊಟ್ಟಿದ್ದೆ, ಗಾಡಿಯ ಫೋಟೊ ನನ್ನ ಮೊಬೈಲಿಗೂ ಬಂದಿತ್ತು. ಊರಿಗೆ ಬಂದು ನೋಡಿದರೆ ವ್ಯಾನಿನ ಪಕ್ಕದಲ್ಲಿ ಅವಳೂ ಇದ್ದಾಳೆ, ಬಕೆಟ್ಟು ಹಿಡಿದು, ಎಡಗಾಲಿನ ಭಾರವನ್ನು ಗಾಡಿಗೆ ಒರಗಿಸಿ. ಹಿಂದೆ ಬೋರ್ಡು. ಆ ಫೋಟೊ ನೋಡಿದ ಯಾವನಿಗಾದರೂ ಗಾಡಿ ಸರಿಯಾದ ಜಾಗದಲ್ಲೇ ನಿಂತಿದೆ ಎನ್ನಿಸಬೇಕು. ಹೆಂಡತಿಗೆ ರಾಂಗ್ ಪಾರ್ಕಿಂಗ್ ಎಂದಷ್ಟೇ ಹೇಳಿದೆ.

ಇಷ್ಟು ಮಾಡಿ ಉಳಿಸಿಕೊಂಡ ಕೆ.ಆರ್. ನಗರದ ಸಂಬಂಧ ಏನಾಯಿತು? ಜಾತಕ ಕೂಡಿಬರಲಿಲ್ಲವಂತೆ. ನೋಡಲೂ ಬರಲಿಲ್ಲ. ವಾರ್ಡನ್ ಹೇಳಿದರೋ, ಬೇರೆ ಯಾರಾದರೂ ಹೇಳಿದರೋ, ಇಲ್ಲ ನಿಜವಾಗಿಯೂ ಜಾತಕವೋ ನಾನು ವಿಚಾರಿಸಲಿಲ್ಲ. ಎರಡನೇ ತಿಂಗಳಲ್ಲಿ ಮಗಳು ಸ್ನಾನದ ನೀರು ಒಯ್ಯುವಾಗ ಮೆಟ್ಟಿಲ ತಿರುವಿನಲ್ಲಿ ಬಿದ್ದು ಮಣಿಕಟ್ಟು ಊದಿಸಿಕೊಂಡಿದ್ದಳು ಎನ್ನುವುದು ಅವಳ ಗೆಳತಿಯಿಂದ ನನ್ನ ಹೆಂಡತಿಗೆ ಗೊತ್ತಾಯಿತು. ನಾನು ಫೋನು ಮಾಡಿ ಕೇಳಿದರೆ ಏನಿಲ್ಲ ಎಂದಳು. ಅವಳಿಗೆ ಆ ಪದವನ್ನು ನಾನೇ ಕಲಿಸಿದ್ದೆ, ಹೇಗೆ ಗದರಲಿ?

ಆರು ತಿಂಗಳಾದ ಮೇಲೆ ಒಂದು ಶನಿವಾರ ಮಧ್ಯಾಹ್ನ, ನಾನು ಶಾಲೆಯಿಂದ ಬಂದು ಕೈಕಾಲು ತೊಳೆಯುತ್ತಿದ್ದೆ. ಅಂಚೆಯವನು ಮಗಳ ಹೆಸರಿಗೆ ಬಂದ ಒಂದು ಲಕೋಟೆ ಕೊಟ್ಟ. ಮುಟ್ಟಿದಾಗಲೇ ಒಳಗೇನಿದೆ ಎಂದು ಗೊತ್ತಾಯಿತು. ಅಂಥ ಲಕೋಟೆಗಳನ್ನು ನಾನು ಎಷ್ಟೋ ಮಕ್ಕಳ ಮನೆಗೆ ಕೈಯಾರೆ ಮುಟ್ಟಿಸಿದ್ದೇನೆ. ಒಡೆದೆ. ಮಗಳ ಫೋಟೊ, ಮಗಳ ಹೆಸರು, ತಂದೆಯ ಹೆಸರಿನ ಜಾಗದಲ್ಲಿ ನನ್ನ ಹೆಸರು, ಕೆಳಗೆ ಅಂಗವಿಕಲತೆಯ ಸ್ವರೂಪ, ಶೇಕಡಾ ಇಷ್ಟು. ತಾನೇ ಅರ್ಜಿ ತುಂಬಿ, ತಾನೇ ಬಸ್ಸಿನಲ್ಲಿ ಮೈಸೂರಿಗೆ ಹೋಗಿ, ಡಾಕ್ಟರುಗಳ ಮುಂದೆ ಲಂಗ ಎತ್ತಿ ಕಾಲು ತೋರಿಸಿ ಬಂದಿದ್ದಾಳೆ. ನಮ್ಮಿಬ್ಬರಿಗೆ ಒಂದು ಮಾತಿಲ್ಲ.

ಫೋನು ಮಾಡಿದೆ. ಕಾರ್ಡು ಬಂತಾ ಎಂದು ಅವಳೇ ಕೇಳಿದಳು. ಕೆಳಗಿನ ರೂಮು ಕೊಟ್ಟಿದ್ದಾರೆ, ಮೆಡಿಕಲ್ ಬೋರ್ಡಿನವರ ಕಾಗದ ತೋರಿಸಿದ ದಿನವೇ ಕೊಟ್ಟರು, ಕಾರ್ಡು ಮನೆಯಲ್ಲಿಡಿ, ಬಂದಾಗ ತೆಗೆದುಕೊಳ್ಳುತ್ತೇನೆ ಎಂದಳು. ಮಾತೆಲ್ಲ ಆಫೀಸಿನವರು ಹೇಳಿದ ಹಾಗಿತ್ತು. ನನಗೆ ತಡೆಯಲಾಗಲಿಲ್ಲ. ನನಗೊಂದು ಮಾತು ಹೇಳಬಾರದಿತ್ತಾ, ಊರ ಮಕ್ಕಳನ್ನೆಲ್ಲ ಕರೆದುಕೊಂಡು ಹೋಗುತ್ತೇನೆ, ನಿನ್ನನ್ನು ಕರೆದುಕೊಂಡು ಹೋಗುತ್ತಿರಲಿಲ್ಲವಾ ಎಂದುಬಿಟ್ಟೆ. ಬಾಯಿಂದ ಬಿದ್ದ ಮೇಲೆ ಎಂಥ ಮಾತು ಆಡಿದೆ ಎಂದು ಗೊತ್ತಾಯಿತು.

"ಬೋರ್ಡಿನಲ್ಲಿ ಡಾಕ್ಟ್ರು ಕೇಳಿದ್ರು," ಎಂದಳು. "ಮೂರು ವರ್ಷದ ಮಗುವಾಗಿದ್ದಾಗಿಂದ ಹೀಗಿದೆ ಅಂತೀಯ, ಇಷ್ಟು ವರ್ಷ ನಿಮ್ಮಪ್ಪ ಯಾಕೆ ಕರ್ಕೊಂಡು ಬರಲಿಲ್ಲ ಅಂತ."

ನೀನೇನು ಹೇಳಿದೆ ಎಂದು ಕೇಳಿದೆ.

"ನಮ್ಮಪ್ಪ ಓದಿಲ್ಲ ಸಾರ್, ಕೂಲಿ ಮಾಡ್ತಾರೆ, ಇದೆಲ್ಲ ಅವ್ರಿಗೆ ಗೊತ್ತಾಗಲ್ಲ ಅಂದೆ."

ಕಾರ್ಡು ನನ್ನ ಕೈಯಲ್ಲೇ ಇತ್ತು. ಡಾಕ್ಟರು ನಂಬಿದರಾ ಎಂದು ಕೇಳಿದೆ.

ನಂಬಿದರು ಎಂದಳು.